ಪರಂಪರೆಗೆ ಲಿಫ್ಟ್ ಬೇಡವೇ?

ನೀವಿರುವ ಅಪಾರ್ಟ್‌ಮೆಂಟನ್ನು ನಾಳೆ ಯಾರೋ ಬಂದು ‘ಪಾರಂಪರಿಕ ಕಟ್ಟಡ’ ಅಂತ ಘೋಷಿಸಿಬಿಟ್ಟರೆ ನಿಮಗೆ ಖುಷಿಯಾಗುತ್ತಾ, ಹೆದರಿಕೆಯಾಗುತ್ತಾ?

ಬೆಂಗಳೂರಿನ ಹೊಸ ಲೇಔಟಿನ ಹನ್ನೆರಡನೇ ಮಹಡಿಯಲ್ಲಿ ಕೂತು ಓದುತ್ತಿರುವವರಿಗೆ ಈ ಪ್ರಶ್ನೆ ತಮಾಷೆ ಅನ್ನಿಸಬಹುದು. ನಮ್ಮ ಕಟ್ಟಡದ ಆಯುಸ್ಸೇ ಹೋಂ ಲೋನಿನ ಆಯುಸ್ಸಿಗಿಂತ ಕಡಿಮೆ ಅಂತ ನೀವು ನಗಬಹುದು. ಆದರೆ ಮುಂಬೈನ ಮಾಟುಂಗಾದಲ್ಲಿ ನಮ್ಮ ಅತ್ತಿ ವಾಸವಿರುವ ಕಟ್ಟಡದಲ್ಲಿ ಕಳೆದ ಒಂದು ವರ್ಷದಿಂದ ಇದೇ ಪ್ರಶ್ನೆಯ ಮೇಲೆ ಜಗಳ ನಡೀತಿದೆ. ಎದುರುಬದುರು ಮನೆಯವರು ಮಾತು ಬಿಟ್ಟಿದ್ದಾರೆ. ವಾಟ್ಸಾಪ್ ಗ್ರೂಪ್ ಒಡೆದು ಎರಡಾಗಿದೆ. ಅತ್ತಿ ಎರಡರಲ್ಲೂ ಇದ್ದಾಳೆ. ಯಾಕಂದ್ರೆ ನೀರು ಯಾವಾಗ ಬರುತ್ತೆ ಅನ್ನೋ ಮೆಸೇಜ್ ಯಾವ ಗ್ರೂಪಿಗೆ ಬರುತ್ತೋ ಹೇಳಕ್ಕಾಗಲ್ಲ.

ಅತ್ತಿ ಅಂದ್ರೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಹಾನಗಲ್ಲಿನಲ್ಲಿ, ತಾರಕೇಶ್ವರ ಗುಡಿಯಿಂದ ಕೂಗಿದರೆ ಕೇಳುವಷ್ಟು ದೂರದ ಮನೆಯಲ್ಲಿ. ಮದುವೆಯಾಗಿ ಮುಂಬೈಗೆ ಬಂದು 41 ವರ್ಷವಾಯ್ತು. ನಾನು ಕೆಲಸಕ್ಕೆ ಅಂತ ಮುಂಬೈಗೆ ಬಂದಾಗ ಎರಡು ವರ್ಷ ಅವಳ ಮನೆಯಲ್ಲೇ ಇದ್ದೆ. ಹಾಗಾಗಿ ಈ ಜಗಳದಲ್ಲಿ ನಾನು ಪೂರ್ತಿ ಹೊರಗಿನವಳಲ್ಲ.

ಕಟ್ಟಡದ ಹೆಸರು ಬೇಡ. 1940ರ ಸುಮಾರಿಗೆ ಕಟ್ಟಿದ್ದು. ನೆಲಮಹಡಿ, ಅದರ ಮೇಲೆ ಮೂರು. ಮೂಲೆಯಲ್ಲಿ ಹಡಗಿನ ಹಾಗೆ ದುಂಡಗೆ ತಿರುಗುವ ಬಾಲ್ಕನಿ, ಸವೆದು ನುಣುಪಾದ ಮೊಸಾಯಿಕ್ ಮೆಟ್ಟಿಲು, ತೇಗದ ಕೈಹಿಡಿ, ಕಬ್ಬಿಣದ ಸರಳುಗಳಲ್ಲಿ ಅರ್ಧ ಸೂರ್ಯನ ಚಿತ್ತಾರ. ಅಡುಗೆಮನೆಯ ಕಿಟಕಿ ತೆಗೆದರೆ ಗಾಳಿ ಪಡಸಾಲೆಯನ್ನು ಹಾಯ್ದು ರಸ್ತೆ ಕಡೆಯ ಬಾಲ್ಕನಿಯಿಂದ ಹೊರಹೋಗುತ್ತದೆ. ಮೇ ತಿಂಗಳಲ್ಲೂ ಮಧ್ಯಾಹ್ನ ಅಲ್ಲಿ ಮಲಗಬಹುದು.

ಇದು ಆಕಸ್ಮಿಕ ಅಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ ಕಡೆಗೆ ಅಗಲ ರಸ್ತೆ, ಗಿಡಮರ, ಕಟ್ಟಡ ಕಟ್ಟಡದ ನಡುವೆ ಖಾಲಿ ಜಾಗ ಬಿಟ್ಟು ಹೊಸ ಬಡಾವಣೆಗಳನ್ನು ಮಾಡಿದ್ದು ಅದೇ ಟ್ರಸ್ಟು. ಕೆಲಸ ಹುಡುಕಿಕೊಂಡು ಬಂದ ದಕ್ಷಿಣದವರು ಇಲ್ಲಿ ಸೇರಿಕೊಂಡರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು. ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನವರಿಗಂತೂ ಆಗ ಮುಂಬೈ ಬೇರೆ ರಾಜ್ಯವೇ ಅಲ್ಲ. ಧಾರವಾಡ ಜಿಲ್ಲೆ 1956ರ ತನಕ ಮುಂಬೈ ಆಡಳಿತಕ್ಕೇ ಸೇರಿತ್ತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಅಂದ್ರೆ ಅತ್ತಿಯ ಆ ಬಾಲ್ಕನಿಯಲ್ಲಿ ಒಂದು ಊರಿನ ಪ್ಲೇಗಿನ ನೆನಪೂ ಇದೆ, ನಮ್ಮ ಕಡೆಯ ಜನರ ವಲಸೆಯ ಲೆಕ್ಕವೂ ಇದೆ. ‘ಇದು ಪರಂಪರೆ’ ಅಂತ ಯಾರಾದರೂ ಹೇಳಿದರೆ ನನಗೆ ಅನುಮಾನವಿಲ್ಲ.

ಆದರೆ ಅದೇ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅತ್ತಿ ಮೂರನೇ ಮಹಡಿ. 66 ಮೆಟ್ಟಿಲು. ಎರಡೂ ಮೊಣಕಾಲು ಸವೆದಿವೆ. ತರಕಾರಿಯವನಿಗೆ ಹಗ್ಗ ಕಟ್ಟಿದ ಚೀಲ ಇಳಿಬಿಡುತ್ತಾಳೆ. ಮದುವೆ ಮುಂಜಿವೆಗೆ ಹೋಗುವುದನ್ನು ಬಿಟ್ಟು ಮೂರು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಛಾವಣಿಯ ಗಾರೆ ಅಂಗೈ ಅಗಲ ಕಿತ್ತು ಬಿದ್ದು, ಒಳಗಿನ ತುಕ್ಕು ಹಿಡಿದ ಸರಳು ಕಂಡಿತು.

ಯಾರು ರಿಪೇರಿ ಮಾಡಿಸಬೇಕು? ಮಾಲೀಕ. ಅವನಿಗೆ ಬರುವ ಬಾಡಿಗೆ ಎಷ್ಟು? ಅತ್ತಿಯ ಮನೆಯದು ತಿಂಗಳಿಗೆ ಒಂದು ಪಿಜ್ಜಾದ ದುಡ್ಡಿಗಿಂತ ಕಡಿಮೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರನ್ನು ಬೀದಿಗೆ ಹಾಕಬಾರದು ಅನ್ನೋ ಒಳ್ಳೇ ಉದ್ದೇಶದಿಂದ ಮಾಡಿದ ಕಾನೂನು. ಅದರ ಇನ್ನೊಂದು ಮುಖ ಏನಂದ್ರೆ, ಪಗಡಿ ಕೊಟ್ಟು ಸೇರಿಕೊಂಡವರು ತಲೆಮಾರುಗಟ್ಟಲೆ ಉಳಿದರು, ಮಾಲೀಕರಿಗೆ ಸುಣ್ಣ ಬಳಿಸುವುದಕ್ಕೂ ದುಡ್ಡು ಹುಟ್ಟಲಿಲ್ಲ. 1969ರಲ್ಲಿ ಸರ್ಕಾರವೇ ಸೆಸ್ ಹಾಕಿ ರಿಪೇರಿ ಮಂಡಳಿ ಮಾಡಬೇಕಾಯಿತು. ಕಟ್ಟಡಗಳು ಹಳೆಯದಾದದ್ದಕ್ಕಿಂತ, ಅವುಗಳಿಗೆ ಖರ್ಚು ಮಾಡುವವರು ಇಲ್ಲದೇ ಹಾಳಾದದ್ದೇ ಹೆಚ್ಚು.

ಈಗ ಬಿಲ್ಡರ್ ಬಂದಿದ್ದಾನೆ. ಕೆಡವಿ ಇಪ್ಪತ್ತೆರಡು ಮಹಡಿ ಕಟ್ತೀನಿ, ನಿಮಗೆಲ್ಲ ಸ್ವಂತ ಫ್ಲ್ಯಾಟು, ಎರಡು ಲಿಫ್ಟು, ಕಟ್ಟುವ ತನಕ ಬಾಡಿಗೆ ನನ್ನದು ಅಂತಾನೆ. ಇನ್ನೊಂದು ಗುಂಪು, ಹೆಚ್ಚಾಗಿ ಓದಿಕೊಂಡ ಹುಡುಗರು, ಇಬ್ಬರು ಆರ್ಕಿಟೆಕ್ಟ್‌ಗಳೂ ಇದ್ದಾರೆ, ಕಟ್ಟಡವನ್ನು ಪಾರಂಪರಿಕ ಪಟ್ಟಿಗೆ ಸೇರಿಸಿ ಅಂತ ಪಾಲಿಕೆಗೆ ಅರ್ಜಿ ಬರೆದಿದ್ದಾರೆ. ಸಹಿಗಾಗಿ ಅತ್ತಿಯ ಬಳಿ ಬಂದರು. ಅತ್ತಿ ಚಹಾ ಕೊಟ್ಟಳು, ಚೂಡಾ ಕೊಟ್ಟಳು, ಸಹಿ ಕೊಡಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ ಅಂದಳು:

“ನೋಡವಾ, ಗುಡಿಗೆ ಬಂದವ್ರು ಕೈಮುಗದು ಮನಿಗೆ ಹೋಗ್ತಾರ. ಗುಡಿಯೊಳಗ ಸಂಸಾರ ಮಾಡಂದ್ರ ಹೆಂಗ?”

ಈ ಮಾತು ಅವಳ ಬಾಯಲ್ಲಿ ಯಾಕೆ ಬಂತು ಅನ್ನೋದು ಗೊತ್ತಾಗಬೇಕಾದರೆ ನೀವು ನಮ್ಮ ಕಡೆ ಒಮ್ಮೆ ಬರಬೇಕು.

ನಮ್ಮ ನಾಲ್ಕು ತಾಲೂಕಿನಲ್ಲಿ ನೋಡೋದಕ್ಕೆ ಏನಿದೆ ಅಂತ ಯಾರಾದರೂ ಕೇಳಿದರೆ ನಾವು ಬಾಯಿಪಾಠದಂತೆ ಹೇಳ್ತೀವಿ. ಹಾನಗಲ್ಲಿನಲ್ಲಿ ತಾರಕೇಶ್ವರ. ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಆ ದೈತ್ಯ ಮರಗಳು, ಆಫ್ರಿಕಾ ಮೂಲದವು, ಆನೆ ಕಾಲಿನಂಥ ಬೊಡ್ಡೆ. ಶಿಗ್ಗಾಂವಿ ತಾಲೂಕಿನ ಬಾಡ, ಕನಕದಾಸರು ಹುಟ್ಟಿದ ಊರು, ಅಲ್ಲೀಗ ಅವರ ನೆನಪಿಗೆ ಹೊಸದಾಗಿ ಕಟ್ಟಿದ ಅರಮನೆಯೂ ಇದೆ. ಹಿರೇಕೆರೂರು ಕಡೆ ಹೋದರೆ ಮದಗ ಮಾಸೂರಿನ ಕೆರೆ. ಪಟ್ಟಿ ಚೆನ್ನಾಗೇ ಇದೆ. ಆದರೆ ಒಂದು ಗಮನಿಸಿ. ಗುಡಿ, ಮರ, ಸ್ಮಾರಕ, ಕೆರೆ. ಇವುಗಳಲ್ಲಿ ಯಾವುದರೊಳಗೂ ಯಾರೂ ಒಲೆ ಹಚ್ಚುವುದಿಲ್ಲ, ಬಟ್ಟೆ ಒಣಹಾಕುವುದಿಲ್ಲ. ಪರಂಪರೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಜನ ವಾಸವಿಲ್ಲದ ಜಾಗ. ನಮ್ಮ ಕಾನೂನಿನ ಕಣ್ಣಿಗೂ ಬಹುಮಟ್ಟಿಗೆ ಹಾಗೇ.

ತಾರಕೇಶ್ವರ ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಮಂಟಪದ ಛಾವಣಿಯಲ್ಲಿ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿ ನಿಂತಿದೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಹೋದರೆ ಅದರ ಕೆಳಗೆ ಅಂಗಾತ ಮಲಗಿ ಎಸಳು ಎಣಿಸುತ್ತಿದ್ದೆವು. ಅದು ಕೇಂದ್ರದ ಸಂರಕ್ಷಿತ ಸ್ಮಾರಕ. ಹಾಗೆ ಇರುವುದರಿಂದಲೇ ಇವತ್ತಿಗೂ ಅಲ್ಲಿ ಕಮಲ ಇದೆ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಸಂರಕ್ಷಿತ ಸ್ಮಾರಕದ ಸುತ್ತ ಒಂದು ಗೆರೆ ಇರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬೇಕು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆಯನ್ನು ರಿಪೇರಿ ಮಾಡಬಹುದು, ಅದಕ್ಕೂ ಅರ್ಜಿ ಹಾಕಿ ಅನುಮತಿ ಪಡೆಯಬೇಕು.

ಅತ್ತಿ ಹುಟ್ಟಿದ ಮನೆ, ಈಗ ನಮ್ಮ ಕಾಕಾ ಒಬ್ಬರೇ ಇರುವ ಮನೆ, ಈ 100 ಮೀಟರಿನೊಳಗೆ ಬರುತ್ತದೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಹಾನಗಲ್ಲಿನ ಮಳೆ ಅರ್ಧ ಮಲೆನಾಡಿನ ಮಳೆ. ಪಶ್ಚಿಮದ ಗೋಡೆ ಪ್ರತಿ ವರ್ಷ ಒಂದಿಷ್ಟು ಕುಸಿಯುತ್ತಿದೆ. ಕಾಕಾ ಇನ್ನೂ ಅರ್ಜಿ ಹಾಕಿಲ್ಲ. ನಕಾಶೆ, ಫೋಟೊ, ಉತಾರ, ಹಳೇ ಮನೆ ಅನ್ನುವುದಕ್ಕೆ ಪುರಾವೆ ಅಂತ ಪಟ್ಟಿ ಕೇಳಿಯೇ ಸುಮ್ಮನಾಗಿದ್ದಾರೆ. “ಗುಡಿಗೆ ಕಾವಲುಗಾರ ಅದಾನ, ನನಗ ಬೋರ್ಡ್ ಐತಿ” ಅಂತ ನಗ್ತಾರೆ. ಗೋಡೆಗೆ ತಾಡಪತ್ರಿ ಹೊದಿಸಿದ್ದಾರೆ. ಗುಡಿ ನೋಡಲು ಬಂದವರು ಫೋಟೊ ತೆಗೆಯುವಾಗ ಆ ನೀಲಿ ತಾಡಪತ್ರಿ ಫ್ರೇಮಿಗೆ ಬರದ ಹಾಗೆ ಸ್ವಲ್ಪ ಸರಿದು ನಿಲ್ಲುವುದನ್ನು ನಾನೇ ನೋಡಿದ್ದೇನೆ.

ಕಾನೂನು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಗೆರೆ ಇಲ್ಲದಿದ್ದರೆ ಕಮಲದ ಪಕ್ಕಕ್ಕೇ ಒಂದು ನಾಲ್ಕಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ನಾನು ಹೇಳ್ತಿರೋದು ಲೆಕ್ಕದ ವಿಷಯ. ಗುಡಿ ಉಳಿದದ್ದರಿಂದ ಇಡೀ ದೇಶಕ್ಕೆ ಲಾಭ. ಹಾಗೆ ಉಳಿಸಿದ ಖರ್ಚಿನ ಒಂದು ಪಾಲು ಮಾತ್ರ ಕಾಕಾನ ಪಶ್ಚಿಮದ ಗೋಡೆಯ ಮೇಲೆ ಬಿದ್ದಿದೆ. ಆ ಪಾಲು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ‘ಮಾಡಬಾರದು’ ಅನ್ನುವುದಕ್ಕೆ ಸರ್ಕಾರಕ್ಕೆ ದುಡ್ಡು ಬೇಕಿಲ್ಲ. ‘ಮಾಡಿಕೊಡ್ತೀವಿ’ ಅನ್ನುವುದಕ್ಕೆ ಬೇಕು. ಅತ್ತಿ ಇದನ್ನೆಲ್ಲ ಫೋನಿನಲ್ಲಿ ವರ್ಷಗಟ್ಟಲೆ ಕೇಳಿದ್ದಾಳೆ. ಹಾಗಾಗಿ ಆ ಹುಡುಗರು ‘ಹೆರಿಟೇಜ್’ ಅಂದಾಗ ಅವಳ ಕಣ್ಣಿಗೆ ಬಂದದ್ದು ನೀಲಿ ತಾಡಪತ್ರಿ.

ಆದರೆ ಮುಂಬೈನ ನಿಯಮ ಹಾನಗಲ್ಲಿನ ನಿಯಮ ಅಲ್ಲ. ಈ ವ್ಯತ್ಯಾಸ ಅವಳಿಗೆ ತಿಳಿಸಿ ಹೇಳೋದಕ್ಕೆ ನನಗೆ ಎರಡು ಭಾನುವಾರ ಹಿಡಿಯಿತು.

ಕೇಂದ್ರದ ಕಾಯ್ದೆಗೆ ಸ್ಮಾರಕ ಕನಿಷ್ಠ 100 ವರ್ಷದ್ದಾಗಿರಬೇಕು. 1930, 40ರ ದಶಕದ ಫ್ಲ್ಯಾಟುಗಳು ಅದರ ಲೆಕ್ಕಕ್ಕೇ ಬರಲ್ಲ. ಊರೊಂದು ತನ್ನ ಕಟ್ಟಡಗಳನ್ನು ತಾನೇ ಪಟ್ಟಿ ಮಾಡಿ ಕಾಪಾಡಿಕೊಳ್ಳಬಹುದು ಅಂತ ದೇಶದಲ್ಲಿ ಮೊದಲು ನಿಯಮ ಮಾಡಿದ್ದು ಮುಂಬೈ, 1995ರಲ್ಲಿ. ಕಟ್ಟಡಗಳಿಗೆ ದರ್ಜೆ ಇದೆ. ಮೊದಲ ದರ್ಜೆಯದನ್ನು ಒಳಗೂ ಹೊರಗೂ ಮುಟ್ಟುವುದು ಕಷ್ಟ. ಎರಡನೆಯದರ ‘ಎ’ ವಿಭಾಗದಲ್ಲಿ ಒಳಗೆ ಬದಲಾವಣೆಗೆ ಬಹುಮಟ್ಟಿಗೆ ಅವಕಾಶ, ಹೊರಗೆ ಬಿಗಿ. ಮೂರನೆಯದರಲ್ಲಿ ಇನ್ನೂ ಸಡಿಲ. ನ್ಯೂಯಾರ್ಕಿನಲ್ಲೂ ಹೀಗೇ. 1884ರ ಡಕೋಟಾ ಅಪಾರ್ಟ್‌ಮೆಂಟಿಗೆ 1969ರಲ್ಲಿ ಲ್ಯಾಂಡ್‌ಮಾರ್ಕ್ ಮಾನ್ಯತೆ ಸಿಕ್ಕಿತು. ಆದರೆ ಅಲ್ಲಿನ ಕಾನೂನು ಖಾಸಗಿ ಮನೆಯೊಳಗಿನ ಅಡುಗೆಮನೆಗೆ ಮಾನ್ಯತೆಯ ಗೆರೆ ಎಳೆಯುವುದಿಲ್ಲ. ಅಂದ್ರೆ ಮುಖ ಊರಿನದು, ಒಳಗು ನಿನ್ನದು.

ಜನ ವಾಸವಿರುವ ಫ್ಲ್ಯಾಟೂ ವಿಶ್ವ ಪರಂಪರೆ ಆಗಬಹುದು ಅನ್ನೋದಕ್ಕೆ ಸಾಕ್ಷಿ ಅತ್ತಿಯ ಮನೆಯಿಂದ ಲೋಕಲ್ ಟ್ರೇನಿನ ದೂರದಲ್ಲೇ ಇದೆ. ಓವಲ್ ಮೈದಾನದ ಪಶ್ಚಿಮಕ್ಕೆ, ಮರೀನ್ ಡ್ರೈವ್ ಕಡೆಗೆ ಸಾಲಾಗಿ ನಿಂತ ಆರ್ಟ್ ಡೆಕೊ ಕಟ್ಟಡಗಳು. ಎದುರಿನ ವಿಕ್ಟೋರಿಯನ್ ಕಟ್ಟಡಗಳೊಂದಿಗೆ ಒಟ್ಟು 94 ಕಟ್ಟಡಗಳ ಈ ಗುಂಪನ್ನು 2018ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಆ ಕೆಲಸಕ್ಕೆ ಅಲ್ಲಿನ ನಿವಾಸಿಗಳ ಸಂಘಗಳೇ ವರ್ಷಗಟ್ಟಲೆ ಓಡಾಡಿದ್ದವು. ಇವತ್ತಿಗೂ ಆ ಬಾಲ್ಕನಿಗಳಲ್ಲಿ ಟವೆಲ್ ಒಣಗುತ್ತವೆ.

ಹಾಗಂತ ಎಲ್ಲ ಕಡೆ ಖುಷಿಪಟ್ಟರು ಅಂತೇನಿಲ್ಲ. 2012ರಲ್ಲಿ ಮುಂಬೈನ ಹೊಸ ಪಾರಂಪರಿಕ ಪಟ್ಟಿಯ ಪ್ರಸ್ತಾಪ ಹೊರಬಿದ್ದಾಗ ಶಿವಾಜಿ ಪಾರ್ಕ್ ಸುತ್ತಲಿನ ನಿವಾಸಿಗಳೇ ಜೋರಾಗಿ ವಿರೋಧಿಸಿದರು. ಮಾನ್ಯತೆ ನಿಮ್ಮದು, ಸೋರುವ ಮನೆ ನಮ್ಮದು ಅನ್ನುವ ಭಯ. ಓವಲ್ ಮೈದಾನದ ಎದುರಿನ ಮನೆಗಳವರಿಗೆ ರಿಪೇರಿ ಮಾಡಿಸುವ ಶಕ್ತಿ ಇತ್ತು. ಅಷ್ಟು ಶಕ್ತಿ ಎಲ್ಲರಿಗೂ ಇರಲ್ಲ. ಈ ಮಾತನ್ನು ಪರಂಪರೆ ಪ್ರಿಯರು ಸಾಮಾನ್ಯವಾಗಿ ಹೇಳುವುದಿಲ್ಲ.

ಅದೇ ಮುಂಬೈನ ಬಿಡಿಡಿ ಚಾಳುಗಳನ್ನು ನೋಡಿ. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿದ ಕಾಂಕ್ರೀಟ್ ಕಟ್ಟಡಗಳು, ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿ ಎಲ್ಲ ಸೇರಿ 207. ಒಂದೊಂದು ಕುಟುಂಬಕ್ಕೆ 160 ಚದರ ಅಡಿಯ ಒಂದು ಕೋಣೆ, ಶೌಚಾಲಯ ಹೊರಗೆ. ಗಿರಣಿ ಕಾರ್ಮಿಕರ, ಪೊಲೀಸರ, ದಲಿತ ಚಳವಳಿಯ ಇತಿಹಾಸ ಅಲ್ಲಿನ ಕಾರಿಡಾರುಗಳಲ್ಲಿದೆ. ಇತಿಹಾಸದ ತೂಕ ನೋಡಿದರೆ ಮರೀನ್ ಡ್ರೈವಿಗಿಂತ ಒಂದು ಗುಲಗಂಜಿ ಹೆಚ್ಚೇ. ಆದರೆ ಅವನ್ನು ಕೆಡವಿ ಕಟ್ಟಲಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಮನೆಯ ಬೀಗದ ಕೈ ಸಿಕ್ಕಿತು. ಐದು ಜನ ಒಂದು ಕೋಣೆಯಲ್ಲಿ ಮಲಗಿ ಎದ್ದವರ ಮುಂದೆ ನಿಂತು ‘ಅಯ್ಯೋ, ಎಂಥಾ ಕಾರಿಡಾರ್ ಹೋಯ್ತು’ ಅಂತ ನಾನಂತೂ ಹೇಳಲಾರೆ.

ಹಾಗಾದರೆ ಮಾನ್ಯತೆ ಸಿಕ್ಕಿದರೆ ಜನ ಉಳಿತಾರಾ? ಅದೂ ಖಾತ್ರಿ ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಾರ್ಕ್ ಹಿಲ್ ಅಂತ ಒಂದು ದೊಡ್ಡ ಸರ್ಕಾರಿ ವಸತಿ ಸಮುಚ್ಚಯ ಇದೆ, 1961ರಲ್ಲಿ ಮುಗಿದದ್ದು. 1998ರಲ್ಲಿ ಅದನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದರು. ಕಟ್ಟಡ ಉಳಿಯಿತು. ನವೀಕರಣದ ನಂತರ ಬಹಳಷ್ಟು ಫ್ಲ್ಯಾಟುಗಳು ಮಾರುಕಟ್ಟೆ ಬೆಲೆಗೆ ಮಾರಾಟವಾದವು. ಬಡವರಿಗೆ ಅಂತ ಕಟ್ಟಿದ್ದು ಅನ್ನೋ ಕಾರಣಕ್ಕೇ ಮಹತ್ವ ಪಡೆದ ಕಟ್ಟಡ ಅದು! ಲಂಡನ್ನಿನ ರಾಬಿನ್ ಹುಡ್ ಗಾರ್ಡನ್ಸ್‌ಗೆ ಮಾನ್ಯತೆ ಸಿಗಲೇ ಇಲ್ಲ. 2017ರಲ್ಲಿ ಕೆಡವಲು ಶುರುಮಾಡಿದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದರ ಮೂರು ಮಹಡಿಯ ಒಂದು ತುಂಡನ್ನು ಬಿಡಿಸಿ ತೆಗೆದಿಟ್ಟುಕೊಂಡಿತು. ಮರುವರ್ಷ ಅದರ ಭಾಗಗಳು ವೆನಿಸ್‌ನಲ್ಲಿ ಪ್ರದರ್ಶನಕ್ಕೂ ಹೋದವು. ಮ್ಯೂಸಿಯಮ್ಮಿಗೆ ಮನೆಯ ತುಂಡು ಸೇರಿತು, ಮನೆಯವರು ಬೇರೆಲ್ಲೋ ಸೇರಿದರು.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು. ‘ಈ ಕಟ್ಟಡಕ್ಕೆ ಮಾನ್ಯತೆ ಕೊಡಬೇಕಾ’ ಅನ್ನೋದು ಅರ್ಧ ಪ್ರಶ್ನೆ. ಉಳಿದರ್ಧ, ‘ಕೊಟ್ಟ ಮೇಲೆ ಅದರ ಖರ್ಚು ಯಾರ ಮೇಲೆ’ ಅನ್ನೋದು. ಮೊದಲರ್ಧಕ್ಕೆ ಸಹಿ ಸಂಗ್ರಹಿಸುವುದು ಸುಲಭ. ಸಹಿ ಹಾಕುವವರಲ್ಲಿ ಬಹಳ ಜನ ಆ ಮೆಟ್ಟಿಲು ಹತ್ತಬೇಕಾದವರಲ್ಲ. ಇನ್ಸ್ಟಾಗ್ರಾಂನಲ್ಲಿ ಬಾಲ್ಕನಿಯ ಫೋಟೊಗೆ ಹೃದಯ ಒತ್ತುವ ನಮ್ಮಂಥವರು.

ದಾರಿ ಇಲ್ಲ ಅಂತಲ್ಲ. ಮುಂಬೈನ ನಿಯಮದಲ್ಲೇ ಟಿಡಿಆರ್ ಅನ್ನೋ ವ್ಯವಸ್ಥೆ ಬಂದಿತ್ತು. ಇಲ್ಲಿ ಎತ್ತರ ಕಟ್ಟುವ ಹಕ್ಕು ಕಳಕೊಂಡ ಮಾಲೀಕ ಅದನ್ನು ಬೇರೆ ಕಡೆ ಕಟ್ಟುವವರಿಗೆ ಮಾರಿಕೊಳ್ಳಬಹುದು. ಆದರೆ ಆ ದುಡ್ಡು ಮಾಲೀಕನ ಜೇಬಿಗೆ ಹೋಗಿ, ಮೂರನೇ ಮಹಡಿಯ ಬಾಡಿಗೆದಾರಳಿಗೆ ಗಾರೆಯೂ ಸಿಗದಿದ್ದರೆ ಏನುಪಯೋಗ? ಆ ದುಡ್ಡಿನ ಒಂದು ಪಾಲು ಕಟ್ಟಡದ ರಿಪೇರಿಗೇ ಮೀಸಲು ಅಂತ ಬರೆದುಕೊಳ್ಳಬೇಕು. ಅನುಮತಿಗೆ ಇಷ್ಟೇ ದಿನ ಅಂತ ಗಡುವು ಬೇಕು. ಹಿಂಭಾಗದಲ್ಲಿ, ರಸ್ತೆಗೆ ಕಾಣದ ಹಾಗೆ, ಒಂದು ಲಿಫ್ಟ್ ಹಾಕಿಕೊಳ್ಳಲು ಮಾನ್ಯತೆಯ ಆದೇಶದಲ್ಲೇ ಒಪ್ಪಿಗೆ ಬೇಕು. ಹಾನಗಲ್ಲಿನಂಥ ಊರಿನಲ್ಲಾದರೆ, ಗುಡಿಯ ಸುತ್ತಲ ಹಳೇ ಮನೆಗಳವರಿಗೆ ನಕಾಶೆ ಬರೆದುಕೊಡುವ, ಅರ್ಜಿ ತುಂಬಿಕೊಡುವ, ಮಣ್ಣಿನ ಗೋಡೆ ಕಟ್ಟಬಲ್ಲ ಗೌಂಡಿಯನ್ನು ಹುಡುಕಿಕೊಡುವ ಒಂದು ಮೇಜು, ಒಂದು ಕುರ್ಚಿ, ವಾರಕ್ಕೊಂದು ದಿನ. ಇದಕ್ಕೆಲ್ಲ ಯುನೆಸ್ಕೊ ಬೇಕಾಗಿಲ್ಲ.

ಕಟ್ಟಡ ಉಳಿಯಲಿ ಅನ್ನೋರ ಪಕ್ಷವೇ ನಾನು, ಸಂಶಯ ಬೇಡ. ಇಪ್ಪತ್ತೆರಡು ಮಹಡಿ ಎದ್ದರೆ ಅತ್ತಿಗೆ ಲಿಫ್ಟ್ ಸಿಗುತ್ತೆ. ಅದರ ಜೊತೆ ತಿಂಗಳು ತಿಂಗಳು ಮೇಂಟೆನೆನ್ಸ್ ಬಿಲ್ಲೂ ಬರುತ್ತೆ, ಅದು ಅವಳ ಪೆನ್ಷನ್ನಿನ ಎಷ್ಟು ಪಾಲು ಅಂತ ಬಿಲ್ಡರ್ ಹೇಳಿಲ್ಲ. ಗಾಳಿ ಅಡುಗೆಮನೆಯಿಂದ ಬಾಲ್ಕನಿಗೆ ಹಾಯುವ ನಕಾಶೆ ಮತ್ತೆ ಸಿಗಲ್ಲ. ಕಟ್ಟಿ ಮುಗಿಯುವ ತನಕ ಎಲ್ಲಿ ಇರ್ತಾಳೆ, ಆಗ ಅವಳಿಗೆ ಎಷ್ಟು ವಯಸ್ಸಾಗಿರುತ್ತೆ ಅನ್ನೋದೂ ಲೆಕ್ಕ. ಪ್ಲೇಗಿನಿಂದ ಪಾಠ ಕಲಿತು ಕಟ್ಟಿದ್ದನ್ನು ಲಿಫ್ಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕೆಡವುವುದು ನೆಗಡಿಗೆ ಮೂಗು ಕೊಯ್ದ ಹಾಗೆ. ಆದರೆ ಲಿಫ್ಟ್ ಕೊಡದೇ ‘ಪರಂಪರೆ’ ಅಂದರೆ ಅದು ಅವಳಿಗೆ ಗೃಹಬಂಧನ.

ಇದನ್ನೇ ಆ ಆರ್ಕಿಟೆಕ್ಟ್ ಹುಡುಗರ ಹತ್ತಿರ ಹೇಳಿದೆ. ಅವರು ಜಗಳಕ್ಕೆ ಬರಲಿಲ್ಲ, ಕೂತು ಅರ್ಜಿಯನ್ನು ತಿದ್ದಿದರು. ಬಾಲ್ಕನಿ, ಮೆಟ್ಟಿಲು, ಸರಳಿನ ಸೂರ್ಯ ಇವುಗಳ ವರ್ಣನೆ ಎರಡು ಪುಟ ಇತ್ತು, ಒಂದಾಯಿತು. ಉಳಿದ ಒಂದು ಪುಟದಲ್ಲಿ ರಿಪೇರಿ ದುಡ್ಡು, ಅನುಮತಿಯ ಗಡುವು, ಬಾಡಿಗೆದಾರರ ಹಕ್ಕು, ಹಿಂಭಾಗದ ಲಿಫ್ಟು ಬಂದವು. ಬಿಲ್ಡರ್ ಪರ ಇದ್ದ ನಾಲ್ಕು ಮನೆಯವರು ಅದನ್ನು ಓದೋದಕ್ಕೆ ಕೇಳಿ ತಗೊಂಡಿದ್ದಾರೆ. ಪಾಲಿಕೆ ಏನನ್ನುತ್ತೋ, ಮಾಲೀಕ ಏನನ್ನುತ್ತಾನೋ ಇನ್ನು ಮುಂದೆ ನೋಡಬೇಕು.

ಹೊಸ ಅರ್ಜಿಯನ್ನು ನಾನು ಫೋನಿನಲ್ಲಿ ಅತ್ತಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿದಳು. ಬಾಲ್ಕನಿಯ ವರ್ಣನೆ ಬಂದಾಗ ಏನೂ ಅನ್ನಲಿಲ್ಲ. ಲಿಫ್ಟಿನ ಸಾಲು ಬಂದಾಗ ತಡೆದಳು.

“ಆ ಲಿಫ್ಟಿಂದು ಕಡೀಕ ಹಾಕ್ಯಾರೇನು? ಮೊದ್ಲಿಗೆ ಹಾಕ ಅನ್ನು. ಆಮ್ಯಾಲೆ ಸಹಿ ಮಾಡ್ತೀನಿ.”